ಸಂಚಾರ ನಿರ್ಬಂಧದ ಕಾಲದಲ್ಲಿ ಮಕ್ಕಳ ಹೊರಾಂಗಣ ವ್ಯಾಯಾಮ: ಆದೇಶಗಳು ಹೇಳಿದ್ದೇನು, ಗಡಿನಾಡಿನಲ್ಲಿ ನಡೆದದ್ದೇನು

ಕೋವಿಡ್ ಸೋಂಕಿನ ಎರಡು ಅಲೆಗಳಲ್ಲಿ, ಅಂದರೆ 2020ರ ಮಾರ್ಚ್‌ನಿಂದ 2021ರ ಮಳೆಗಾಲದವರೆಗೆ, ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬಂತು. ಶಾಲೆ ಮುಚ್ಚಿದೆ, ಮಕ್ಕಳು ಹೊರಗೆ ಹೋಗಿ ಓಡಬಹುದೇ, ಸೈಕಲ್ ತುಳಿಯಬಹುದೇ, ಪಕ್ಕದ ಮನೆಯ ಮಕ್ಕಳೊಡನೆ ಆಡಬಹುದೇ? ಹೌದೆಂದವರೂ ಇದ್ದರು, ಇಲ್ಲವೆಂದವರೂ ಇದ್ದರು. ಇಬ್ಬರೂ ತಮ್ಮ ಮಾತಿಗೆ ಸರಕಾರಿ ಆದೇಶವನ್ನೇ ಆಧಾರವಾಗಿ ತೋರಿಸುತ್ತಿದ್ದರು. ತಿಂಗಳಿಂದ ತಿಂಗಳಿಗೆ, ರಾಜ್ಯದಿಂದ ರಾಜ್ಯಕ್ಕೆ, ಒಮ್ಮೊಮ್ಮೆ ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆಯೂ ನಿಯಮ ಬೇರೆಯಾಗಿದ್ದುದರಿಂದ ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ಸತ್ಯವಿತ್ತು. ಅಂಥ ದಿನಗಳು ಮರಳಿ ಬಂದರೆ ಹೆತ್ತವರ ಕೈಯಲ್ಲಿ ಒಂದು ಬರಹವಾದರೂ ಇರಲಿ ಎಂದು ಆ ಕಾಲದ ನಿಯಮಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಕೇಂದ್ರದ ಆದೇಶಗಳು

2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯವು 2005ರ ವಿಪತ್ತು ನಿರ್ವಹಣಾ ಕಾಯಿದೆಯಡಿ ಹೊರಡಿಸಿದ ಆದೇಶವೇ ದೇಶವ್ಯಾಪಿ ಲಾಕ್‌ಡೌನಿನ ಮೂಲ. ಮರುದಿನದಿಂದ 21 ದಿನಗಳ ಕಾಲ ಅದು ಜಾರಿಯಲ್ಲಿತ್ತು. ಯಾವ ಅಂಗಡಿ ತೆರೆಯಬಹುದು, ಯಾವ ಕಚೇರಿ ನಡೆಯಬಹುದು, ಯಾವ ವಾಹನ ಓಡಬಹುದು ಎಂಬ ವಿವರಗಳೆಲ್ಲ ಅದರಲ್ಲಿದ್ದವು. ವ್ಯಾಯಾಮ ಎಂಬ ಪದ ಮಾತ್ರ ಇರಲಿಲ್ಲ. ನಡಿಗೆಗಾಗಲಿ ಓಟಕ್ಕಾಗಲಿ ಮಕ್ಕಳ ಆಟಕ್ಕಾಗಲಿ ವಿನಾಯಿತಿ ಕೊಡುವ ಒಂದು ವಾಕ್ಯವೂ ಇರಲಿಲ್ಲ. ಅನುಮತಿಸಿದ ಕಾರಣಗಳ ಹೊರತು ಮನೆಯಲ್ಲೇ ಇರಬೇಕು ಎಂಬ ಆದೇಶದಲ್ಲಿ ಹೆಸರಿಸದ ಕಾರಣವೆಂದರೆ ನಿಷೇಧಿಸಿದ ಕಾರಣವೆಂದೇ ಪೊಲೀಸರು ಅರ್ಥ ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಕೊಚ್ಚಿಯ ಪನಂಪಿಳ್ಳಿ ನಗರದಲ್ಲಿ ಬೆಳಗಿನ ನಡಿಗೆಗೆ ಹೊರಟವರನ್ನು ಪೊಲೀಸರು ಬಂಧಿಸಿದ್ದು ಕೇರಳದಾದ್ಯಂತ ಸುದ್ದಿಯಾಯಿತು. ದೊಡ್ಡವರ ಪಾಡೇ ಹೀಗಿರುವಾಗ ಮಕ್ಕಳನ್ನು ರಸ್ತೆಗೆ ಕಳುಹಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮಕ್ಕಳ ಕುರಿತು ನೇರವಾದ ಮಾತು ಬಂದದ್ದು ಮೇ 1ರ ಆದೇಶದಲ್ಲಿ. 65 ವರ್ಷ ಮೀರಿದವರು, ಇತರ ಕಾಯಿಲೆ ಇರುವವರು, ಗರ್ಭಿಣಿಯರು ಮತ್ತು 10 ವರ್ಷಕ್ಕಿಂತ ಕೆಳಗಿನ ಮಕ್ಕಳು ಅಗತ್ಯ ಕೆಲಸಕ್ಕೆ ಮತ್ತು ಆರೋಗ್ಯದ ಕಾರಣಕ್ಕೆ ಹೊರತು ಮನೆಯಲ್ಲೇ ಇರತಕ್ಕದ್ದು ಎಂದು ಅದು ವಿಧಿಸಿತು. ಕೆಂಪು, ಕಿತ್ತಳೆ, ಹಸಿರು ಎಂಬ ಮೂರೂ ವಲಯಗಳಿಗೆ ಈ ನಿಯಮ ಸಮಾನವಾಗಿತ್ತು. ಮೇ 17ರ ಆದೇಶದಲ್ಲೂ ಅದು ಹಾಗೆಯೇ ಉಳಿಯಿತು. ಆದರೆ ಮೇ 30ರಂದು ಹೊರಟ ಮೊದಲ ಸಡಿಲಿಕೆಯ ಆದೇಶದಲ್ಲಿ ಒಂದು ಕ್ರಿಯಾಪದ ಬದಲಾಯಿತು. ‘ಇರತಕ್ಕದ್ದು’ ಎಂಬುದು ಹೋಗಿ ‘ಇರುವಂತೆ ಸಲಹೆ ನೀಡಲಾಗಿದೆ’ ಎಂಬುದು ಬಂತು. ಮೊದಲನೆಯದು ಕಟ್ಟಳೆ, ಮೀರಿದರೆ ದಂಡನೆಗೆ ಆಸ್ಪದವಿದೆ. ಎರಡನೆಯದು ಸಲಹೆ; ತೂಗಿ ನೋಡುವ ಹೊಣೆ ಹೆತ್ತವರದು. ಇಷ್ಟು ದೊಡ್ಡ ಬದಲಾವಣೆಯನ್ನು ಪತ್ರಿಕೆಗಳು ಹೆಚ್ಚಾಗಿ ಗಮನಿಸಲಿಲ್ಲ. ಅದಾದ ಮೇಲೂ ಬಹುಕಾಲ ‘ಹತ್ತರ ಒಳಗಿನ ಮಕ್ಕಳು ಹೊರಬರುವಂತಿಲ್ಲ’ ಎಂಬ ಹಳೆಯ ಮಾತೇ ನಮ್ಮ ಊರುಗಳಲ್ಲಿ ಚಲಾವಣೆಯಲ್ಲಿತ್ತು.

ಇನ್ನೊಂದು ಗೊಂದಲ ಪಾರ್ಕ್ ಎಂಬ ಪದದ್ದು. ಮೇ 17ರ ಆದೇಶವು ಕ್ರೀಡಾ ಸಂಕೀರ್ಣ ಮತ್ತು ಕ್ರೀಡಾಂಗಣಗಳನ್ನು ಪ್ರೇಕ್ಷಕರಿಲ್ಲದೆ ತೆರೆಯಲು ಅನುಮತಿ ನೀಡಿತು. ಸಿನಿಮಾ ಮಂದಿರ, ಜಿಮ್, ಈಜುಕೊಳಗಳ ಜೊತೆಗೆ ಮನರಂಜನಾ ಪಾರ್ಕುಗಳನ್ನು ಮುಚ್ಚಿಯೇ ಇಟ್ಟಿತು. ಮನರಂಜನಾ ಪಾರ್ಕ್ ಎಂದರೆ ಟಿಕೇಟು ಕೊಂಡು ಹೋಗುವ ತಾಣ, ಊರಿನ ಉದ್ಯಾನವಲ್ಲ. ಆದರೂ ಹಲವೆಡೆ ಸಾರ್ವಜನಿಕ ಉದ್ಯಾನಗಳ ಗೇಟಿಗೂ ಇದೇ ಕಾರಣ ಹೇಳಿ ಬೀಗ ಬಿತ್ತು. ಯೋಗ ಕೇಂದ್ರ ಮತ್ತು ಜಿಮ್‌ಗಳು ಆಗಸ್ಟ್ 5ರಿಂದ ತೆರೆದವು. ರಾತ್ರಿ ಸಂಚಾರ ನಿಷೇಧ ಆಗಸ್ಟ್ ಆರಂಭದಲ್ಲಿ ಕೊನೆಗೊಂಡಿತು.

ರಾಜ್ಯಕ್ಕೊಂದು ನ್ಯಾಯ

ಕೇಂದ್ರದ ನಿರ್ಬಂಧವನ್ನು ರಾಜ್ಯಗಳು ಬಿಗಿ ಮಾಡಬಹುದಿತ್ತು, ಸಡಿಲಿಸುವಂತಿರಲಿಲ್ಲ. ಕೇಂದ್ರ ಮೌನವಾಗಿದ್ದ ಕಡೆ ಮಾತ್ರ ರಾಜ್ಯಗಳಿಗೆ ತಮ್ಮದೇ ಮಾತು ಹೇಳುವ ಅವಕಾಶವಿತ್ತು. ಹೊರಾಂಗಣ ವ್ಯಾಯಾಮದ ವಿಷಯದಲ್ಲಿ ಆ ಅವಕಾಶವನ್ನು ಸ್ಪಷ್ಟವಾಗಿ ಬಳಸಿಕೊಂಡದ್ದು ಮಹಾರಾಷ್ಟ್ರ ಎಂಬುದು ನಮ್ಮ ಅಭಿಪ್ರಾಯ. 2020ರ ಜೂನ್ 3ರಿಂದ ಅಲ್ಲಿ ಸೈಕಲ್ ಸವಾರಿ, ಓಟ, ನಡಿಗೆಗಳಿಗೆ ಬೆಳಿಗ್ಗೆ 5ರಿಂದ ಸಂಜೆ 7ರವರೆಗೆ ಮೈದಾನ, ಉದ್ಯಾನ ಮುಂತಾದ ಬಯಲು ಜಾಗಗಳಲ್ಲಿ ಅನುಮತಿ ದೊರೆಯಿತು. ಗುಂಪು ಚಟುವಟಿಕೆ ಕೂಡದು, ಮಕ್ಕಳ ಜೊತೆ ಹಿರಿಯರೊಬ್ಬರು ಇರಬೇಕು, ದೂರ ಹೋಗದೆ ಮನೆಯ ಹತ್ತಿರದ ಬಯಲನ್ನೇ ಬಳಸಬೇಕು ಎಂಬ ಷರತ್ತುಗಳಿದ್ದವು. ಅಂತರ ತಾನಾಗಿಯೇ ಉಳಿಯುವುದೆಂಬ ಕಾರಣ ಕೊಟ್ಟು ಸೈಕಲ್ಲನ್ನು ಆ ಆದೇಶ ವಿಶೇಷವಾಗಿ ಪ್ರೋತ್ಸಾಹಿಸಿತು. ಮುಂಬಯಿ, ಪುಣೆಗಳ ಜೊತೆಗೆ ಸೋಲಾಪುರ ಮಹಾನಗರಪಾಲಿಕೆಯೂ ಈ ಮೊದಲ ಹಂತದ ಪಟ್ಟಿಯಲ್ಲಿತ್ತು. ಹೀಗಾಗಿ ಕೈಮಗ್ಗ, ವಿದ್ಯುತ್ ಮಗ್ಗಗಳ ಇಕ್ಕಟ್ಟಿನ ಓಣಿಗಳಲ್ಲಿ ಬೆಳೆಯುವ ಸೋಲಾಪುರದ ನಮ್ಮ ಮಕ್ಕಳಿಗೆ ಕಾಗದದ ಮೇಲಾದರೂ ಬಯಲಿನ ಹಕ್ಕು ಬೇಗನೆ ಸಿಕ್ಕಿತು.

ಕರ್ನಾಟಕದಲ್ಲಿ ಅದಕ್ಕೂ ಮೊದಲೇ, ಮೇ ತಿಂಗಳ ಮೂರನೆಯ ವಾರದಲ್ಲಿ, ಬೆಳಿಗ್ಗೆ 7ರಿಂದ 9 ಮತ್ತು ಸಂಜೆ 5ರಿಂದ 7ರವರೆಗೆ ಉದ್ಯಾನಗಳು ತೆರೆದಿದ್ದವು. ಆದರೆ ಆಗಿನ್ನೂ ಹತ್ತರ ಕೆಳಗಿನ ಮಕ್ಕಳಿಗೆ ಕೇಂದ್ರದ ಕಟ್ಟಳೆ ಇದ್ದುದರಿಂದ ಆ ಗೇಟುಗಳು ಚಿಕ್ಕವರಿಗಾಗಿ ತೆರೆದಿರಲಿಲ್ಲ.

ತಮಿಳುನಾಡಿನ ಉದಾಹರಣೆ ಇನ್ನೂ ವಿಚಿತ್ರವಾದುದು. 2021ರ ಜೂನ್ 14ರಿಂದ ಜಾರಿಗೆ ಬಂದ ಸಡಿಲಿಕೆಯಲ್ಲಿ ಅಲ್ಲಿನ ಸರಕಾರ ಜಿಲ್ಲೆಗಳನ್ನು ಎರಡು ಪಾಲು ಮಾಡಿತು. ಸೋಂಕು ಇಳಿದ 27 ಜಿಲ್ಲೆಗಳಲ್ಲಿ ಬೆಳಿಗ್ಗೆ 6ರಿಂದ 9ರವರೆಗೆ ಉದ್ಯಾನ ಮತ್ತು ಮೈದಾನಗಳಲ್ಲಿ ನಡಿಗೆಗೆ ಮಾತ್ರ ಅನುಮತಿ. ಉಳಿದ 11 ಜಿಲ್ಲೆಗಳಲ್ಲಿ ಅದೂ ಇಲ್ಲ. ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆ ಮೊದಲ ಪಾಲಿನಲ್ಲಿ ಬಂತು. ತಾಳವಾಡಿ ಇರುವ ಈರೋಡು ಜಿಲ್ಲೆಯೂ ನೀಲಗಿರಿಯೂ ಎರಡನೆಯ ಪಾಲಿಗೆ ಬಿದ್ದವು. ತಾಳವಾಡಿಯೆಂದರೆ ದಿಂಬಂ ಘಟ್ಟದ ಮೇಲಿನ ಬಯಲು. ಈರೋಡು ನಗರದ ಸೋಂಕಿನ ಲೆಕ್ಕಕ್ಕೂ ಅಲ್ಲಿನ ಹೊಲದ ಬದುವಿನಲ್ಲಿ ನಡೆಯುವ ಮಗುವಿಗೂ ಏನು ಸಂಬಂಧವೆಂದು ಕೇಳಿದರೆ ಉತ್ತರವಿರಲಿಲ್ಲ. ಜಿಲ್ಲೆಯನ್ನು ಒಂದೇ ಘಟಕವಾಗಿ ಹಿಡಿದರೆ ಅಂಚಿನ ಹಳ್ಳಿಗಳಿಗೆ ಆಗುವುದು ಹೀಗೆಯೇ.

ಅದೇ 2021ರಲ್ಲಿ ಆಂಧ್ರಪ್ರದೇಶ ಮತ್ತು ತೆಲಂಗಾಣಗಳು ಹೊತ್ತಿನ ಲೆಕ್ಕವನ್ನು ಹಿಡಿದವು. ಆಂಧ್ರದಲ್ಲಿ ಮೇ 5ರಿಂದ ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ, ತೆಲಂಗಾಣದಲ್ಲಿ ಮೇ 12ರಿಂದ ಬೆಳಿಗ್ಗೆ 6ರಿಂದ 10ರವರೆಗೆ ಓಡಾಟಕ್ಕೆ ಬಿಡುವು. ಅದೋನಿ, ರಾಯದುರ್ಗ, ಮಡಕಶಿರ ಕಡೆಯ ಕುಟುಂಬಗಳಿಗೆ ಮೇ ತಿಂಗಳ ಬಿಸಿಲಿನಲ್ಲಿ ಸಂಜೆಯ ಹೊತ್ತೇ ಆಟದ ಹೊತ್ತು. ಆ ಸಂಜೆ ಪೂರ್ತಿಯಾಗಿ ಕರ್ಫ್ಯೂವಿನ ಪಾಲಾಗಿತ್ತು.

ಕಾಸರಗೋಡು

ಕಾಸರಗೋಡಿನ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ದೇಶವ್ಯಾಪಿ ಆದೇಶಕ್ಕೂ ಮುನ್ನವೇ ಇಲ್ಲಿ 144ನೇ ಸೆಕ್ಷನ್ ಜಾರಿಯಾಗಿತ್ತು. ಮೊದಲ ವಾರಗಳಲ್ಲಿ ಕೇರಳದ ಸೋಂಕಿತರಲ್ಲಿ ದೊಡ್ಡ ಪಾಲು ಈ ಜಿಲ್ಲೆಯವರೇ ಆಗಿದ್ದುದರಿಂದ ಪೊಲೀಸ್ ಕಾವಲು ಬೇರೆಲ್ಲೂ ಇಲ್ಲದಷ್ಟು ಬಿಗಿಯಾಗಿತ್ತು. ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ದಾರಿ ಕಡಿಯಿತು. ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಏಪ್ರಿಲ್ ಮೊದಲ ವಾರದಲ್ಲಿ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ಆರಂಭವಾದದ್ದು ಈ ಇಕ್ಕಟ್ಟಿನ ನಡುವೆಯೇ. ರೋಗಿಗೇ ದಾರಿಯಿಲ್ಲದ ದಿನಗಳಲ್ಲಿ ಮಕ್ಕಳ ಆಟದ ಮಾತೆತ್ತುವುದು ಅನೇಕರಿಗೆ ಸಂಕೋಚದ ಸಂಗತಿಯಾಗಿತ್ತು. ಅದು ಸಹಜ. ಆದರೆ ನಿರ್ಬಂಧ ವಾರಗಳಿಂದ ತಿಂಗಳುಗಳಿಗೆ ಬೆಳೆದ ಮೇಲೂ ಆ ಸಂಕೋಚ ಹಾಗೆಯೇ ಉಳಿದದ್ದು ಮಕ್ಕಳಿಗೆ ಒಳಿತು ಮಾಡಲಿಲ್ಲ.

ತೋಟದ ಮನೆಗಳ ಮಕ್ಕಳಿಗೆ ಒಂದು ಅನುಕೂಲವಿತ್ತು. ಮನೆಯಲ್ಲೇ ಇರಬೇಕೆಂಬ ನಿಯಮವು ಮನೆಯ ಸ್ವಂತ ಆವರಣವನ್ನು ಹೊರಗಿಡಲಿಲ್ಲ. ಅಂಗಳ, ಹಿತ್ತಿಲು, ಅಡಕೆ ತೋಟ, ತಾರಸಿ ಎಲ್ಲವೂ ಮನೆಯೇ. ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆ ಅಡಕೆ ಹೆಕ್ಕುತ್ತ, ಸೋಗೆ ಎಳೆಯುತ್ತ, ತೋಡಿನ ಬದಿ ಓಡುತ್ತ ದಿನ ಕಳೆದ ಮಕ್ಕಳಿಗೆ ವ್ಯಾಯಾಮದ ಕೊರತೆ ಇರಲಿಲ್ಲ. ಕಾಸರಗೋಡು ಪೇಟೆಯ ಬಾಡಿಗೆ ಕೋಣೆಗಳಲ್ಲಿ, ಹೊಸೂರಿನ ಕಾರ್ಖಾನೆ ಕೆಲಸಗಾರರ ವಠಾರಗಳಲ್ಲಿ, ನೀಲಗಿರಿಯ ಎಸ್ಟೇಟ್ ಲೈನುಗಳಲ್ಲಿ ಇದ್ದ ಮಕ್ಕಳ ಕಥೆ ಬೇರೆ. ನಿಯಮ ಒಂದೇ ಆದರೂ ಅದರ ಭಾರ ಮನೆಯ ಅಳತೆಯ ಮೇಲೆ ನಿಂತಿತ್ತು. ವಠಾರದ ಸಾಮಾನ್ಯ ಅಂಗಳವನ್ನು ಮನೆಯೆನ್ನಬೇಕೋ ಬೀದಿಯೆನ್ನಬೇಕೋ ಎಂಬುದನ್ನು ಯಾವ ಆದೇಶವೂ ಬಿಡಿಸಿ ಹೇಳಲಿಲ್ಲ. ಬೀಟ್ ಪೊಲೀಸರ ವಿವೇಚನೆಯೇ ಅಲ್ಲಿನ ಕಾನೂನಾಯಿತು.

2020ರ ಜೂನ್ 1ರಿಂದ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಪಾಠಕ್ಕೆ ದಾರಿ ಕಂಡುಕೊಂಡಂತೆ ಆಟದ ಪಿರಿಯಡ್ಡಿಗೂ ಒಂದು ದಾರಿ ಬೇಕೆಂಬುದು ಮಾತ್ರ ಬಹಳ ಮಂದಿಗೆ ತೋಚಲಿಲ್ಲ.

ಬೇರೆ ದೇಶಗಳ ದಾರಿ

ಇಂಗ್ಲೆಂಡಿನಲ್ಲಿ 2020ರ ಮಾರ್ಚ್‌ನ ನಿಯಮಾವಳಿಯೇ ವ್ಯಾಯಾಮವನ್ನು ಮನೆಯಿಂದ ಹೊರಬರಲು ತಕ್ಕ ಕಾರಣವೆಂದು ಹೆಸರಿಸಿತ್ತು. ಒಬ್ಬರೇ, ಇಲ್ಲವೇ ಮನೆಯವರೊಡನೆ ಹೋಗಬಹುದಿತ್ತು. ಮಕ್ಕಳಿಗೆ ಬೇರೆ ನಿಯಮವಿರಲಿಲ್ಲ. ಸ್ಪೇನ್ ಇದಕ್ಕೆ ತದ್ವಿರುದ್ಧ. ಮಾರ್ಚ್ ಮಧ್ಯದಿಂದ ಆರು ವಾರಗಳ ಕಾಲ ಅಲ್ಲಿನ ಮಕ್ಕಳು ಮನೆಯಿಂದ ಕಾಲು ಹೊರಗಿಡುವಂತಿರಲಿಲ್ಲ. ನಾಯಿಯನ್ನು ತಿರುಗಾಡಿಸಲು ಅನುಮತಿಯಿತ್ತು, ಮಗುವನ್ನು ತಿರುಗಾಡಿಸಲು ಇರಲಿಲ್ಲ. ಬಾರ್ಸಿಲೋನಾದ ಮೇಯರ್ ಆದಾ ಕೊಲಾವು ಮಕ್ಕಳನ್ನು ಹೊರಗೆ ಬಿಡಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಏಪ್ರಿಲ್ 21ರಂದು ಸರಕಾರ ಕೊಟ್ಟ ಉತ್ತರ, ಹೆತ್ತವರೊಡನೆ ಸೂಪರ್ ಮಾರ್ಕೆಟಿಗೂ ಔಷಧದ ಅಂಗಡಿಗೂ ಮಕ್ಕಳು ಹೋಗಬಹುದು ಎಂಬುದಾಗಿತ್ತು. ಬಯಲು ಬಿಟ್ಟು ಜನಸಂದಣಿಯ ಒಳಾಂಗಣಕ್ಕೆ ಮಕ್ಕಳನ್ನು ಕಳುಹಿಸುವ ಈ ತರ್ಕವನ್ನು ಜನ ಒಪ್ಪಲಿಲ್ಲ. ಅದೇ ದಿನ ಸಂಜೆ ಸರಕಾರ ಮಾತು ಬದಲಿಸಿತು. ಏಪ್ರಿಲ್ 26ರಿಂದ 14ರ ಒಳಗಿನ ಮಕ್ಕಳು ದಿನಕ್ಕೆ ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಹಿರಿಯರೊಬ್ಬರ ಜೊತೆ ನಡೆದಾಡಲು ಅನುಮತಿ ಪಡೆದರು. ಟರ್ಕಿಯೂ ಏಪ್ರಿಲ್‌ನಲ್ಲಿ 20ರ ಒಳಗಿನವರನ್ನು ಮನೆಯಲ್ಲಿರಿಸಿ ಮೇ ತಿಂಗಳಲ್ಲಿ ಕೆಲವು ಗಂಟೆಗಳ ಬಿಡುವು ಕೊಟ್ಟಿತು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು 2020ರ ಏಪ್ರಿಲ್ 8ರಂದೇ ಒಂದು ಹೇಳಿಕೆ ಹೊರಡಿಸಿ, ಅಂತರ ಕಾಯ್ದುಕೊಂಡು, ಹಿರಿಯರ ಮೇಲ್ವಿಚಾರಣೆಯಲ್ಲಿ, ದಿನಕ್ಕೆ ಒಮ್ಮೆಯಾದರೂ ಹೊರಾಂಗಣ ಚಟುವಟಿಕೆಗೆ ದಾರಿ ಮಾಡಿಕೊಡಬೇಕೆಂದು ಸರಕಾರಗಳಿಗೆ ಶಿಫಾರಸು ಮಾಡಿತ್ತು. ಆಟ ಮತ್ತು ವಿರಾಮವನ್ನು ಮಗುವಿನ ಹಕ್ಕೆಂದು ಹೇಳುವ ಒಡಂಬಡಿಕೆಯ 31ನೇ ವಿಧಿಗೆ ಭಾರತ 1992ರಿಂದಲೂ ಬದ್ಧವಾಗಿದೆ. ನಮ್ಮ ಆದೇಶಗಳಲ್ಲಿ ಇದರ ಗುರುತು ಕಾಣಲಿಲ್ಲ.

ದೇಹದ ಲೆಕ್ಕ

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಐದರ ಕೆಳಗಿನ, ನಡೆಯಬಲ್ಲ ಮಕ್ಕಳಿಗೆ ದಿನದಲ್ಲಿ ಬಿಡಿಬಿಡಿಯಾಗಿ 180 ನಿಮಿಷಗಳ ಚಲನೆ ಬೇಕು. ಶಾಲೆಗೆ ನಡೆದು ಹೋಗಿ ಬರುವುದು, ಬಿಡುವಿನ ಹೊತ್ತಿನ ಓಟ, ಸಂಜೆಯ ಆಟ ಸೇರಿದರೆ ನಮ್ಮ ಮಕ್ಕಳಿಗೆ ಇದು ಲೆಕ್ಕ ಹಾಕದೆ ದಕ್ಕುತ್ತಿತ್ತು. ಶಾಲೆ ಮುಚ್ಚಿದಾಗ ಮೂರೂ ಒಮ್ಮೆಲೇ ಹೋದವು.

ಕಣ್ಣಿನ ಮೇಲಾದ ಪರಿಣಾಮವನ್ನು ಚೀನಾದ ಶಾಂಡೊಂಗ್ ಪ್ರಾಂತದ ಫೆಯ್‌ಚೆಂಗ್‌ನಲ್ಲಿ ಅಳೆದು ನೋಡಿದ್ದಾರೆ. ಅಲ್ಲಿನ 6ರಿಂದ 13 ವರ್ಷದ ಸುಮಾರು 1,23,000 ಮಕ್ಕಳ ಶಾಲಾ ತಪಾಸಣೆಯ ದಾಖಲೆಗಳ ಪ್ರಕಾರ, ಆರು ವರ್ಷದವರಲ್ಲಿ ಸಮೀಪದೃಷ್ಟಿ ದೋಷ 2015ರಿಂದ 2019ರ ನಡುವೆ ಅತಿ ಹೆಚ್ಚೆಂದರೆ ಶೇ. 5.7 ಇದ್ದದ್ದು 2020ರಲ್ಲಿ ಶೇ. 21.5ಕ್ಕೆ ಏರಿತ್ತು. ದೂರದ ನೋಟ ಮತ್ತು ಹಗಲಿನ ಬೆಳಕು ಚಿಕ್ಕ ಕಣ್ಣುಗಳಿಗೆ ಬೇಕು. ಮೊಬೈಲಿನ ಪಾಠ ಎರಡನ್ನೂ ಕೊಡದು.

ಇನ್ನು ಸೋಂಕಿನ ಭಯ. ಮೊದಲ ತಿಂಗಳುಗಳಲ್ಲಿ ಜಾರುಬಂಡೆ, ಉಯ್ಯಾಲೆಗಳನ್ನು ಹಗ್ಗ ಕಟ್ಟಿ ಮುಚ್ಚಿದ್ದಕ್ಕೆ ಮುಟ್ಟಿದ ವಸ್ತುವಿನಿಂದ ರೋಗ ಬರುವುದೆಂಬ ಅಂಜಿಕೆ ಕಾರಣ. ರೋಗ ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಾಡದ ಒಳಾಂಗಣದಲ್ಲಿ ಹರಡುವುದೆಂಬುದು ಕ್ರಮೇಣ ಸ್ಪಷ್ಟವಾಯಿತು. ಆಗ ಲಭ್ಯವಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಸಮೀಕ್ಷೆಯು ಹೊರಾಂಗಣದಲ್ಲಿ ತಗುಲಿದ ಸೋಂಕು ಒಟ್ಟಿನ ಶೇ. 10ಕ್ಕಿಂತ ಕಡಿಮೆ ಎಂದು ಕಂಡುಕೊಂಡಿತು. ಬಯಲು ಪೂರ್ತಿ ನಿರಪಾಯಕರ ಎಂದು ಇದರ ಅರ್ಥವಲ್ಲ. ಮುಖಕ್ಕೆ ಮುಖ ಕೊಟ್ಟು ಉಸಿರು ಹಿಡಿದು ಕೂಗುವ ಕಬಡ್ಡಿಗೂ ಒಬ್ಬೊಬ್ಬರಾಗಿ ಕುಪ್ಪಳಿಸುವ ಕುಂಟೆಬಿಲ್ಲೆಗೂ ಅಪಾಯ ಒಂದೇ ಅಲ್ಲ. ಹಗ್ಗದಾಟ, ಸೈಕಲ್, ನಡಿಗೆ, ಚಿನ್ನಿದಾಂಡು ಇವು ಅಂತರ ಉಳಿಸುವ ಆಟಗಳು. ಲಗೋರಿಯಲ್ಲಿ ಓಟ ದೂರ ದೂರ ಇದ್ದರೂ ಕಲ್ಲು ಜೋಡಿಸುವಾಗ ತಲೆಗಳು ಒಂದಾಗುತ್ತವೆ. ದಿನವೂ ಅದೇ ಎರಡು ಮೂರು ಮಕ್ಕಳೇ ಜೊತೆಗೂಡುವುದು, ದಿನಕ್ಕೊಂದು ಗುಂಪಿನೊಡನೆ ಆಡುವುದಕ್ಕಿಂತ ಎಷ್ಟೋ ಮೇಲು.

ಮುಖಗವಸಿನ ಬಗ್ಗೆ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ನೀಡಿದ ಸೂಚನೆ ಹೀಗಿತ್ತು: ಐದು ವರ್ಷದವರೆಗೆ ಬೇಡ, 6ರಿಂದ 11ರವರು ಹೆತ್ತವರ ಮೇಲ್ವಿಚಾರಣೆಯಲ್ಲಿ ಧರಿಸಬಹುದು. ಓಡುವಾಗ, ಜೋರಾಗಿ ಆಡುವಾಗ ಮಕ್ಕಳು ಧರಿಸಬಾರದು, ಬದಲಿಗೆ ಅಂತರ ಹೆಚ್ಚಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಸಲಹೆ. ಒದ್ದೆಯಾದ ಬಟ್ಟೆಯ ಮೂಲಕ ಉಸಿರಾಡುವುದು ಕಷ್ಟ.

ಯಾವ ಸಡಿಲಿಕೆಯೂ ಅನ್ವಯಿಸದ ಸಂದರ್ಭಗಳಿವೆ. ಮನೆ ಕಂಟೈನ್‌ಮೆಂಟ್ ವಲಯದೊಳಗಿದ್ದರೆ, ಮನೆಯಲ್ಲಿ ಸೋಂಕಿತರಿದ್ದರೆ, ಇಲ್ಲವೇ ಮಗು ಕ್ವಾರಂಟೈನ್‌ನಲ್ಲಿದ್ದರೆ ಬೀದಿಯಾಗಲಿ ಮೈದಾನವಾಗಲಿ ಕೂಡದು. ಆಗ ಕೋಣೆಯೊಳಗಿನ ಬಸ್ಕಿ, ಸೂರ್ಯನಮಸ್ಕಾರಗಳೇ ಗತಿ. ಜ್ವರವಿರುವ ಮಗುವಿಗೆ ಅದೂ ಬೇಡ. ಸೋಂಕು ವಾಸಿಯಾದ ಮೇಲೆ ಕೆಲವು ದಿನ ಬರೀ ನಡಿಗೆ, ಆಮೇಲೆ ನಿಧಾನವಾಗಿ ಓಟ. ನಡುವೆ ಎದೆನೋವು, ಏದುಸಿರು, ತಲೆಸುತ್ತು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಮತ್ತು ಡೆಂಗಿಯ ಅಪಾಯವೂ ಇರುವುದರಿಂದ ನಿಂತ ನೀರಿನಲ್ಲಿ ಆಟ, ಕಾಲಿನಲ್ಲಿ ಗಾಯವಿದ್ದಾಗ ಬರಿಗಾಲಿನ ಓಡಾಟ ಬೇಡ.

ತಡೆದರೆ ಏನು

ಆಗ ಲಾಕ್‌ಡೌನ್ ಮೀರಿದವರ ಮೇಲೆ ಭಾರತೀಯ ದಂಡ ಸಂಹಿತೆಯ 188ನೇ ಸೆಕ್ಷನ್ ಮತ್ತು ವಿಪತ್ತು ನಿರ್ವಹಣಾ ಕಾಯಿದೆಯ 51ನೇ ಸೆಕ್ಷನ್ ಹಾಕಲಾಗುತ್ತಿತ್ತು. 2024ರ ಜುಲೈ 1ರಿಂದ 188ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 223, ಜನ ಸೇರುವುದನ್ನು ತಡೆಯುವ 144ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಬಂದಿವೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲವೆಂಬ ನಿಯಮ ಹಳೆಯ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಪೊಲೀಸರು ತಡೆದಾಗ ಉತ್ತರಿಸಬೇಕಾದವರು ಜೊತೆಗಿರುವ ಹಿರಿಯರು. ವಾದಕ್ಕಿಳಿಯದೆ ಮನೆಗೆ ಮರಳಿ, ಯಾವ ಆದೇಶ, ಯಾವ ದಿನಾಂಕ ಎಂದು ಆಮೇಲೆ ಕೇಳುವುದು ಜಾಣತನ. ಆಟಕ್ಕಾಗಿ ರಾಜ್ಯದ ಗಡಿ ದಾಟುವುದಕ್ಕೆ ಮಾತ್ರ ಆ ದಿನಗಳಲ್ಲಿ ಎಲ್ಲಿಯೂ ಸಮರ್ಥನೆ ಇರಲಿಲ್ಲ. ಮಂಗಳೂರಿನ ಕ್ರೀಡಾ ತರಬೇತಿಗೆ ಹೋಗುತ್ತಿದ್ದ ಮಕ್ಕಳೂ ಕಾಯಲೇಬೇಕಾಯಿತು.

ಆದೇಶಗಳು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ, ಇಲ್ಲವೇ ಇಂಗ್ಲಿಷಿನಲ್ಲೋ ಬರುತ್ತವೆ. ಕನ್ನಡ ಮಾತ್ರ ಓದಬಲ್ಲ ತಾಯಿಗೆ ಅವು ತಲುಪುವುದು ವಾಟ್ಸ್‌ಆ್ಯಪಿನ ಅರೆಬರೆ ಸಾರಾಂಶವಾಗಿ. ‘ಸಲಹೆ’ ಎಂಬುದು ‘ನಿಷೇಧ’ವಾಗುವುದು ಆ ದಾರಿಯಲ್ಲೇ. ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಮತ್ತೊಮ್ಮೆ ನಿರ್ಬಂಧ ಬಂದರೆ ಪಂಚಾಯತಿಗೋ ತಹಸೀಲ್ದಾರರಿಗೋ ಕನ್ನಡದಲ್ಲೇ ಬರೆದು ಕೇಳಬಹುದು: ಜಾರಿಯಲ್ಲಿರುವ ಆದೇಶದ ಸಂಖ್ಯೆ ಮತ್ತು ದಿನಾಂಕ ಯಾವುದು, ಮಕ್ಕಳ ವಯಸ್ಸಿನ ಮಿತಿ ಕಟ್ಟಳೆಯೋ ಸಲಹೆಯೋ, ಯಾವ ಹೊತ್ತಿನಲ್ಲಿ ಯಾವ ಬಯಲು ತೆರೆದಿರುತ್ತದೆ, ವಠಾರದ ಅಂಗಳ ಮನೆಯ ಆವರಣವೆಂದು ಗಣನೆಗೆ ಬರುತ್ತದೆಯೇ. ಶಾಲೆಯ ರಕ್ಷಕ ಶಿಕ್ಷಕ ಸಂಘದ ಹೆಸರಿನಲ್ಲಿ ಹೋದ ಪತ್ರಕ್ಕೆ ತೂಕ ಹೆಚ್ಚು. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಸ್ವೀಕೃತಿ ಮುದ್ರೆಯನ್ನು ದಿನಾಂಕ ಸಹಿತ ಹಾಕಿಸಿಕೊಂಡು ಮನೆಯಲ್ಲಿಡಬೇಕು.